ನಾಲ್ಕನೇ ಕಾಲು

ಇಲ್ಲ ಅಕ್ಕ, ಕೂರಲ್ಲ, ನಿಂತೇ ಇರ್ತೀನಿ. ಆ ಸ್ಟೂಲ್ ನೋಡು, ಒಂದು ಕಡೆ ಕುಂಟ್ತಾ ಇದೆ. ಅದರ ಮೇಲೆ ಕೂತ್ರೆ ನನ್ನ ಜೀವ ಎಲ್ಲ ಅದರ ಕಾಲಲ್ಲೇ ಇರತ್ತೆ. ನಗ್ತೀಯಾ? ನಗು ಪರವಾಗಿಲ್ಲ. ಇಪ್ಪತ್ತೆರಡು ವರ್ಷ ಆಫೀಸುಗಳಿಗೆ ನೆಲ ಕೂರಿಸಿದವನಿಗೆ ಅಲ್ಲಾಡೋದು ಏನೇ ಕಂಡ್ರೂ ಕೈ ತುರಿಸತ್ತೆ. ಹೋಗೋ ಮುಂಚೆ ಅದಕ್ಕೊಂದು ಕಾಗದ ಮಡಚಿ ಇಟ್ಟು ಹೋಗ್ತೀನಿ.

ನಗ್ಲಿಲ್ವಾ... ನಕ್ಕ ಹಾಗೆ ಕಾಣಿಸ್ತು.

ಊಟ ತಂದಿದ್ದೀನಿ. ನಿನ್ನ ಡಬ್ಬಿಯಲ್ಲೇ ತಂದಿದ್ದೀನಿ, ನೋಡು. ನನ್ನ ಹೆಂಡ್ತಿ ಮೂರು ಸಲ ಹೇಳಿ ಕಳಿಸಿದ್ದಾಳೆ, ಎದುರಿಗೆ ನಿಂತು ತಿನ್ನಿಸಿ ಬಾ ಅಂತ. ಇಲ್ಲಿ ಇಡ್ಲಾ? ಈ ಕಡೆ ಇಡ್ತೀನಿ. ಅಲ್ಲ, ಆ ಕಡೆ, ನಿನ್ನ ಕೈಗೆ ಸಿಗೋ ಹಾಗೆ. ಕಾಲು ಅಲ್ಲಾಡಿಸಬೇಡ ಮತ್ತೆ. ಪ್ಲಾಸ್ಟರ್ ಒಳಗೆ ತುರಿಸತ್ತಾ? ತುರಿಸತ್ತಂತೆ ಎಲ್ರಿಗೂ. ಎರಡು ಕಡೆ ಮುರಿದಿದೆ ಅಂದ್ರು ಡಾಕ್ಟರು. ಎಕ್ಸ್‌ರೇ ಹಿಡಿದು ತೋರಿಸಿದ್ರು, ನಾನು ನೋಡ್ಲಿಲ್ಲ. ಕಿಟಕಿ ಕಡೆ ನೋಡ್ತಾ ಹೂಂ ಹೂಂ ಅಂದೆ.

ಅಬ್ಬಾ, ಈ ವಾರ್ಡಲ್ಲಿ ಗಾಳಿಯೇ ಇಲ್ಲ. ಎಷ್ಟು ಗಂಟೆ ಈಗ? ಎರಡೂ ಹತ್ತು. ಮೂರಕ್ಕೆ ನಾನು ಆಫೀಸಲ್ಲಿ ಇರ್ಬೇಕು. ಹೇಳ್ತೀನಿ, ಅದಕ್ಕೇ ಬಂದಿದ್ದು. ಅಂದ್ರೆ, ನಿನ್ನ ನೋಡೋಕೇ ಬಂದಿದ್ದು, ಅದರ ಜೊತೆ ಇದೂ ಒಂದು.

ಯಾಕೆ ಹಾಗೆ ನೆಲ ನೋಡ್ತೀಯ? ಓ, ನಾನು ಹಿಮ್ಮಡಿ ಕುಟ್ತಾ ಇದ್ನಾ? ಅಭ್ಯಾಸ. ಎಲ್ಲಿ ಹೋದ್ರೂ ಕುಟ್ಟಿ ನೋಡೋದು. ಇದು ಗಟ್ಟಿ ನೆಲ ಅಕ್ಕ, ಕೇಳು, ಸತ್ತ ಸದ್ದು. ಕೆಳಗೆ ಏನೂ ಇಲ್ಲ, ಬರೀ ಕಾಂಕ್ರೀಟು. ನಮ್ಮ ಫಾಲ್ಸ್ ಫ್ಲೋರ್ ಹಾಗಲ್ಲ. ಅದಕ್ಕೊಂದು ಉಸಿರಿರತ್ತೆ. ನೀನು ಮೊದಲನೇ ದಿನ ಅಲ್ಲಿ ಕೆಲಸಕ್ಕೆ ಸೇರಿದಾಗ ಕೇಳಿದ್ದೆ, ನೆನಪಿದೆಯಾ? ಕಸಬರಿಕೆ ಹಿಡ್ಕೊಂಡು ನಿಂತು, ‘ಈ ನೆಲದ ಕೆಳಗೆ ಇನ್ನೊಂದು ನೆಲ ಯಾಕೋ ಪುಟ್ಟ?’ ಅಂದಿದ್ದೆ. ನಾನು ಒಂದು ಪ್ಯಾನೆಲ್ ಎತ್ತಿ ತೋರಿಸಿದ್ದೆ. ಗೇಣಿಗಿಂತ ಒಂಚೂರು ಕಡಿಮೆ ಎತ್ತರ, ಸಾಲಾಗಿ ಕಬ್ಬಿಣದ ಕಾಲುಗಳು, ನಡುವೆ ವೈರು, ಕೇಬಲ್ಲು. ಒಂದೊಂದು ಪ್ಯಾನೆಲ್ಲೂ ನಾಲ್ಕು ಮೂಲೆಗೆ ನಾಲ್ಕು ಕಾಲಿನ ಮೇಲೆ. ನೀನು ಬಗ್ಗಿ ನೋಡಿ, ಇಷ್ಟು ದೊಡ್ಡ ಜನ ಇಷ್ಟು ಸಣ್ಣ ಕಾಲಿನ ಮೇಲೆ ಓಡಾಡ್ತಾರಾ ಅಂತ ನಕ್ಕಿದ್ದೆ. ನನಗೆ ಎಷ್ಟು ಜಂಭ ಆಗಿತ್ತು ಗೊತ್ತಾ ಅವತ್ತು. ನಾನು ಕೂರಿಸಿದ ನೆಲವನ್ನ ನನ್ನ ಅಕ್ಕ ಒರೆಸ್ತಾಳೆ ಅಂತ.

ಜಂಭವೇ ಹೌದು. ಬೇಜಾರು ಆಗ್ಬೇಕಿತ್ತು, ಜಂಭ ಆಯ್ತು.

ನೀರು ಕುಡೀತೀಯಾ? ಬೇಡ್ವಾ. ಒಂದು ಮಾತು ಆಡು ಮಾರಾಯ್ತಿ. ನರ್ಸಮ್ಮ ಹೇಳಿದ್ರು, ಮೊನ್ನೆಯಿಂದ ಬಾಯಿ ಬಿಟ್ಟಿಲ್ವಂತೆ. ನೋವು ಇದೆಯಾ ಅಂದ್ರೆ ತಲೆ ಆಡಿಸೋದು, ಇಲ್ವಾ ಅಂದ್ರೂ ತಲೆ ಆಡಿಸೋದು. ಸೂಪರ್‌ವೈಸರ್ ಬಂದಾಗಲೂ ಗೋಡೆ ಕಡೆ ತಿರುಗಿ ಮಲಗಿದ್ಯಂತೆ. ಆಘಾತ ಅಂತಾರೆ ಅವರು. ನಾನು ಅಂದೆ, ಆಘಾತ ಏನೂ ಅಲ್ಲ ಸಾರ್, ನಮ್ಮಕ್ಕ ಮೊದಲಿಂದ್ಲೂ ಹಾಗೇ, ಬಾಯಿಗೆ ಬೀಗ ಹಾಕಿದ್ರೆ ಕೀಲಿ ಯಾರ ಕೈಗೂ ಕೊಡಲ್ಲ.

ಹೌದು ತಾನೇ? ಅಮ್ಮನ ಹೊಲಿಗೆ ಮಿಷನ್ ನೆನಪಿದೆಯಾ? ಅದರ ಬಾಬಿನ್ ಕೇಸು. ಎಷ್ಟು ಹೊಳೀತಿತ್ತು! ಬುಗುರಿ ಥರ ತಿರುಗತ್ತಾ ನೋಡೋಣ ಅಂತ ತಗೊಂಡೆ, ಸಂಜೆ ಹೊತ್ತಿಗೆ ವಾಪಸ್ ಇಡೋಣ ಅಂತಾನೇ ತಗೊಂಡಿದ್ದು. ಚರಂಡಿಗೆ ಬಿತ್ತು. ಅಮ್ಮ ಬಂದು ನೋಡಿ ನಿನ್ನ ಕೇಳಿದ್ಲು. ನೀನು ಸುಮ್ಮನೆ ನಿಂತಿದ್ದೆ. ನಾನು ಬಾಗಿಲ ಹಿಂದೆ. ನೀನು ಒಂದೇ ಒಂದು ಮಾತು ಅಂದಿದ್ರೆ... ಅನ್ಲಿಲ್ಲ. ಏಟು ತಿಂದೆ. ಆಮೇಲೆ ಅಮ್ಮ ನಿನ್ನ ಆ ಮಿಷನ್ ಹತ್ತಿರ ಸೇರಿಸ್ಲೇ ಇಲ್ಲ. ನಿನಗೆ ಹೊಲಿಗೆ ಅಂದ್ರೆ ಪ್ರಾಣ ಇತ್ತು. ಹೊಲಿಗೆ ಕಲ್ತಿದ್ರೆ ನೀನು ಇವತ್ತು ಎಲ್ಲೋ ಕೂತು...

ಬಿಡು, ಅದು ಯಾಕೆ ಈಗ. ಆಮೇಲೆ ಅದನ್ನ ನೆನೆಸ್ಕೊಂಡು ನಗಾಡಿದ್ದೀವಲ್ಲ ಎಷ್ಟೋ ಸಲ. ನಾನು ನಗಾಡಿದ್ದೀನಿ.

ಕೇಳು ಈಗ. ವಿಷಯ ಏನಂದ್ರೆ, ಮೂರು ಗಂಟೆಗೆ ವಿಚಾರಣೆ. ದೊಡ್ಡದೇನೂ ಅಲ್ಲ. ಕಟ್ಟಡದ ಮ್ಯಾನೇಜರ್ರು, ಸೂಪರ್‌ವೈಸರ್ರು, ನಾನು, ಗುಬ್ಬಿ. ಗುಬ್ಬಿ ಗೊತ್ತಲ್ಲ? ವೈರ್ ಎಳೆಯೋನು. ಸಣ್ಣಕ್ಕೆ ಇದ್ದಾನಲ್ಲ, ಪ್ಯಾನೆಲ್ ತೆಗೆದ್ರೆ ಅರ್ಧ ಮೈ ಒಳಗೆ ತೂರಿಸಿ ಕೇಬಲ್ ಎಳೀತಾನಲ್ಲ, ಅವನೇ. ಸೇರಿ ಇನ್ನೂ ಮೂರು ತಿಂಗಳೂ ಆಗಿಲ್ಲ. ನಿನ್ನ ಕಂಡ್ರೆ ‘ದೊಡ್ಡಮ್ಮ, ಒರೆಸಿದ ಜಾಗ ತುಳೀಲಾ ಹಾರ್ಲಾ’ ಅಂತ ಕೇಳ್ತಿದ್ದ. ನೀನೂ ಅವನಿಗೆ ನಿನ್ನ ಪಾಲಿನ ಟೀ ಕೊಡ್ತಿದ್ದೆ.

ಅವನ ಮೇಲೆ ಬಂದಿದೆ.

ಹಾಗೆ ನೋಡಬೇಡ. ನಾನೇನೂ ಹೇಳ್ಲಿಲ್ಲ. ಅವರೇ ನೋಡಿದ್ರು, ಅವರೇ ಹೇಳಿದ್ರು. ನಿನ್ನ ಎತ್ತಿಕೊಂಡು ಕೆಳಗೆ ಇಳಿಸ್ತಾ ಇದ್ದ ಹಾಗೇ ಆ ಕಂಬದ ಪಕ್ಕದ ಪ್ಯಾನೆಲ್ ಪೂರ್ತಿ ತೆಗೆದ್ರು. ನೋಡಿದ್ರೆ ಮೂರೇ ಕಾಲು. ನಾಲ್ಕನೇ ಮೂಲೆಯಲ್ಲಿ ಅಂಟು ಹಚ್ಚಿದ ಗುರುತು ಮಾತ್ರ ಇದೆ, ಕಾಲು ಇಲ್ಲ. ಪಕ್ಕದ ಪ್ಯಾನೆಲ್ಲನ್ನ ಅವತ್ತೇ ಬೆಳಿಗ್ಗೆ ಗುಬ್ಬಿ ತೆಗೆದು ಕೇಬಲ್ ಎಳೆದಿದ್ದ. ಅವನ ಹಳದಿ ಟೇಪಿನ ಉಂಡೆ ಇನ್ನೂ ಒಳಗೇ ಬಿದ್ದಿತ್ತು. ಸೂಪರ್‌ವೈಸರ್ ಅಲ್ಲೇ ಲೆಕ್ಕ ಮುಗಿಸಿದ್ರು. ಕೇಬಲ್ಲಿಗೆ ಅಡ್ಡ ಬಂತು ಅಂತ ಕಾಲು ಕಿತ್ತಿದ್ದಾನೆ, ವಾಪಸ್ ಹಾಕಿಲ್ಲ, ಎಲ್ಲೋ ಎಸೆದಿದ್ದಾನೆ ಅಂತ. ನನ್ನ ಕಡೆ ತಿರುಗಿ, ಹೌದಲ್ವಾ ಮೇಸ್ತ್ರಿ ಅಂದ್ರು. ನಾನು... ನನಗೆ ನಿನ್ನ ಚಿಂತೆ, ಆಂಬುಲೆನ್ಸ್ ಹೊರಡೋ ಮುಂಚೆ ಓಡಿ ಹತ್ಬೇಕು. ಇರಬಹುದು ಅಂದೆ. ಅಷ್ಟೇ. ಇರಬಹುದು.

ಮೇಸ್ತ್ರಿ ಅಂದ್ರು ಅಂದ್ನಲ್ಲ, ಅದು ಇನ್ನೂ ಆಗಿಲ್ಲ. ಎಂಟನೇ ಮಹಡಿ ಪೂರ್ತಿ ನನಗೆ ಒಪ್ಪಿಸ್ತಾರಂತೆ, ನನ್ನ ಕೈ ಕೆಳಗೆ ಹನ್ನೊಂದು ಜನ. ಮುಂದಿನ ವಾರ ಹೇಳ್ತಾರೆ. ಹೇಳಬೇಕಿತ್ತು.

ಹಾಂ, ಗುಬ್ಬಿ. ಅವನದು ಬೇರೆಯೇ ಕಥೆ. ಅವನಿಗೆ ಅವನ ಮೇಲೇ ಅನುಮಾನ! ಬೇರೆ ಯಾರಾದ್ರೂ ಆಗಿದ್ರೆ ಕೂಗಾಡ್ತಿದ್ರು, ಕೈ ತೊಳ್ಕೋತಿದ್ರು. ಇವನು ನನ್ನ ಹತ್ತಿರ ಬಂದು, ಅಣ್ಣ, ನಾನು ಕಾಲು ಕಿತ್ತಿಲ್ಲ, ಆದ್ರೆ ಕೇಬಲ್ ಜಗ್ಗುವಾಗ ಒಳಗೆ ಏನೋ ಟಣ್ ಅಂತು, ನಾನು ತಿರುಗಿ ನೋಡ್ಲಿಲ್ಲ, ನನ್ನಿಂದಲೇ ಆಗಿರ್ಬೇಕು ಅಂತಾನೆ. ಟಣ್ ಅಂತಂತೆ! ಪೆದ್ದ. ಕಾಲು ಬಿದ್ರೆ ಎಲ್ಲಾದ್ರೂ ಟಣ್ ಅನ್ನತ್ತಾ? ಅದು ಎರಕದ ಕಬ್ಬಿಣ, ಧಪ್ ಅನ್ನತ್ತೆ. ಟಣ್ ಅನ್ನೋಕೆ ಅದೇನು...

ಏನು? ಏನೂ ಇಲ್ಲ. ನೀರು ಕುಡಿದೆ ಅಷ್ಟೇ.

ಅಲ್ಲ, ಹೇಳೋದೇನಂದ್ರೆ, ಅವನೇ ಒಪ್ಪಿಕೊಂಡ ಹಾಗೆ ಅಲ್ವಾ ಅದು? ಅವನು ಕೇಬಲ್ ಜಗ್ಗದೆ ಇದ್ದಿದ್ರೆ ಆ ಪ್ಯಾನೆಲ್ ಇನ್ನೂ ನಿಂತಿರ್ತಿತ್ತು. ತಿಂಗಳಿಂದ ನಿಂತಿರ್ಲಿಲ್ವಾ! ಒಂದು ಕೂದಲೆಳೆಯಷ್ಟೂ ಜಗ್ಗಿರ್ಲಿಲ್ಲ, ನಾನು ದಿನಾ ಆ ಕಡೆ ಹೋದಾಗ ಹಿಮ್ಮಡಿಯಲ್ಲಿ...

ಅಂದ್ರೆ, ಎಲ್ಲ ಪ್ಯಾನೆಲ್ಲೂ. ಎಲ್ಲಾನೂ ಕುಟ್ಟಿ ನೋಡ್ತೀನಿ ನಾನು. ನಿನಗೇ ಗೊತ್ತು.

ಮತ್ತೆ ನೀನೂ ಅಷ್ಟೇ ಅಕ್ಕ, ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡ. ಆ ಕುಂಡ ಸರಿಸಿ ಒರೆಸು ಅಂತ ನಿನಗೆ ಯಾರು ಹೇಳಿದ್ರು? ಕಂಬದ ಮೂಲೆ. ಪ್ಲಾಸ್ಟಿಕ್ ಗಿಡದ ಕುಂಡ ಇಟ್ಟಿರೋ ಜಾಗ. ಅದರ ಕೆಳಗೆ ಯಾರು ನೋಡ್ತಾರೆ? ನಿನ್ನ ಮುಂಚೆ ಇದ್ದವಳು ವರ್ಷಗಟ್ಟಲೆ ಕುಂಡಗಳ ಸುತ್ತ ಒರೆಸಿ ಕೈ ಬಿಡ್ತಿದ್ಲು. ನಿನಗೆ ಎಲ್ಲಾನೂ ಎತ್ತಿ ಒರೆಸ್ಬೇಕು. ಅಲ್ಲಿ ಯಾರೂ ಕಾಲಿಡಬಾರದು ಅಂತಾನೇ ಆ ಕುಂಡ ತಂದು ಇಟ್ಟಿದ್ದು, ಅದನ್ನ...

ಇಟ್ಟಿದ್ರು. ಇಟ್ಟಿದ್ರು ಅಂದೆ. ಆಫೀಸಿನವರು. ಅಂದಕ್ಕೆ.

ಏನು ಸೆಕೆ ಮಾರಾಯ್ತಿ ಇಲ್ಲಿ. ಈ ಕಿಟಕಿ ತೆಗೆಯೋಕೆ ಬರಲ್ವಾ? ಬಣ್ಣ ಬಳಿದು ಅಂಟಿಸಿಬಿಟ್ಟಿದ್ದಾರೆ. ನನ್ನ ಸಕ್ಷನ್ ಕಪ್ ಈ ಚೀಲದಲ್ಲೇ ಇದೆ, ಗಾಜಿಗೆ ಅಂಟಿಸಿ ಜಗ್ಗಿದ್ರೆ... ಬೇಡ. ನರ್ಸಮ್ಮ ಬೈತಾರೆ. ಇದನ್ನ ಯಾಕೆ ತಂದೆನೋ ಗೊತ್ತಿಲ್ಲ. ಕೆಲಸಕ್ಕೆ ಹೋಗದೇ ಇದ್ರೂ ಕೈಯಲ್ಲಿ ಇದು ಬೇಕು ನನಗೆ. ಎರಡು ರಬ್ಬರ್ ಬಟ್ಟಲು, ಒಂದು ಹಿಡಿ. ಹೀಗೆ ಒತ್ತಿದ್ರೆ ಕಚ್ಕೊಳ್ಳತ್ತೆ, ಹೀಗೆ ಎತ್ತಿದ್ರೆ ಇಡೀ ಪ್ಯಾನೆಲ್ ಮೇಲೆ ಬರತ್ತೆ. ಮೂವತ್ತು ಕಿಲೋ. ನೋಡು, ನಿನ್ನ ಮೇಜಿಗೂ ಕಚ್ಕೊಳ್ತು.

ಸರಿ, ಸರಿ, ತೆಗೀತೀನಿ. ತೆಗೆದೆ.

ಎರಡೂ ಇಪ್ಪತ್ತೈದು. ಕೇಳು, ನನ್ನ ಜೇಬಲ್ಲಿ ಒಂದು ಕಾಗದ ಇದೆ. ನೀನು ಹೇಳಿಕೆ ಕೊಡ್ಬೇಕಂತೆ. ನೀನು ಬಾಯಿ ಬಿಡ್ತಾ ಇಲ್ಲ ಅಂತ ಸೂಪರ್‌ವೈಸರ್ ನನಗೆ ಹೇಳಿದ್ರು, ನಿನ್ನ ಅಕ್ಕ ತಾನೇ, ನೀನೇ ಬರೆಸ್ಕೊಂಡು ಬಾ ಅಂತ. ನಿನಗೆ ಕೈ ಸೋತಿರತ್ತೆ ಅಂತ ನಾನೇ ಬರೆದು ತಂದೆ. ನಾಲ್ಕೇ ಸಾಲು. ಓದೋದೇನೂ ಬೇಡ, ನಾನೇ ಹೇಳ್ತೀನಿ. ಮೊನ್ನೆ ಬೆಳಿಗ್ಗೆ ಕಂಬದ ಪಕ್ಕ ವೈರ್ ಕೆಲಸದವನು ಪ್ಯಾನೆಲ್ ತೆಗೆದು ಕೂತಿದ್ದ. ಅವನು ಒಂದು ಕಾಲು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೆ. ಮಧ್ಯಾಹ್ನ ನಾನು ಒರೆಸುವಾಗ ಬಿದ್ದೆ. ಕೆಳಗೆ ಸಹಿ. ಅಷ್ಟೇ.

ಗೊತ್ತು. ಗೊತ್ತು ಅಕ್ಕ, ನೀನು ಕೆಲಸಕ್ಕೆ ಬರೋದು ಮಧ್ಯಾಹ್ನ. ಬೆಳಿಗ್ಗೆ ನೀನು ಅಲ್ಲಿರ್ಲಿಲ್ಲ. ಅದು ಯಾರು ಕೇಳ್ತಾರೆ? ಅವತ್ತು ಬೇಗ ಬಂದಿದ್ದೆ ಅಂದ್ರೆ ಮುಗೀತು. ನೋಡು, ಅವನೇ ನನ್ನಿಂದಲೇ ಆಯ್ತು ಅಂತಿದ್ದಾನೆ, ನಾವೇನು ಹೊಸದಾಗಿ ಹೇಳ್ತಾ ಇಲ್ಲ. ಅವನಿಗೆ ವಯಸ್ಸಿದೆ, ಇನ್ನೊಂದು ಕಡೆ ಸೇರ್ಕೋತಾನೆ. ವೈರ್ ಎಳೆಯೋರಿಗೆ ಕೆಲಸಕ್ಕೇನು ಬರ? ಹೌದು, ಇಲ್ಲಿಂದ ತೆಗೆದ್ರೆ ಕಾಗದದಲ್ಲಿ ಬರೀತಾರೆ, ಅಜಾಗರೂಕ ಅಂತ. ಅದು ನೋಡಿದ ಮೇಲೆ ಕಟ್ಟಡದ ಒಳಗೆ ಬಿಟ್ಕೊಳ್ಳೋರು ಕಷ್ಟ... ಆದ್ರೆ ಏನಾದ್ರೂ ಆಗತ್ತೆ. ಎಲ್ರಿಗೂ ಏನಾದ್ರೂ ಆಗತ್ತೆ.

ನಾನು ಅವನಿಗೆ ಕೆಟ್ಟದ್ದು ಬಯಸ್ತಾ ಇಲ್ಲ ಅಕ್ಕ. ನಿನ್ನೆ ಬಂದಿದ್ನಂತೆ ಇಲ್ಲಿಗೆ. ನರ್ಸಮ್ಮ ಹೇಳಿದ್ರು. ಬಾಗಿಲಲ್ಲಿ ನಿಂತು ನಿಂತು, ಒಳಗೆ ಬರದೆ ಹೋದ್ನಂತೆ. ಇವತ್ತೂ...

ಏನಿಲ್ಲ. ಇವತ್ತು ಏನಿಲ್ಲ.

ತಗೋ, ಪೆನ್ನು. ಯಾಕೆ ಕೈ ಚಾಚ್ತಿಲ್ಲ? ಈ ಕಡೆ ಕೈಯಲ್ಲಿ ಸೂಜಿ ಇದೆಯಾ, ಸರಿ, ಬಲಗೈ ಚೆನ್ನಾಗಿದೆಯಲ್ಲ. ಅಕ್ಕ. ಅಕ್ಕ, ನನ್ನ ನೋಡು. ಯಾಕೆ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀಯ? ಬೈಬೇಕು ಅನ್ಸಿದ್ರೆ ಬೈದುಬಿಡು. ನಾನು ಕೂರಿಸಿದ ನೆಲ, ನೀನು ಬಿದ್ದೆ, ಅಷ್ಟಕ್ಕಾದ್ರೂ ಬೈ. ಮೊನ್ನೆಯಿಂದ ಕಾಯ್ತಾ ಇದ್ದೀನಿ. ಆಂಬುಲೆನ್ಸಲ್ಲಿ ನಿನ್ನ ಕೈ ಹಿಡ್ಕೊಂಡಿದ್ದೆ, ನೀನು ಕೈ ಬಿಡಿಸ್ಕೊಳ್ಳಲೂ ಇಲ್ಲ, ಹಿಡೀಲೂ ಇಲ್ಲ. ಇನ್ನೊಂದು ಕೈಯಲ್ಲಿ ನಿನ್ನ ಆ ಕೆಲಸದ ಚೀಲ ಎದೆಗೆ ಒತ್ಕೊಂಡಿದ್ದೆ. ಅದನ್ನ ಕೊಡು, ನಾನು ಹಿಡ್ಕೋತೀನಿ ಅಂದ್ರೂ ಕೊಡ್ಲಿಲ್ಲ. ಒರೆಸೋ ಬಟ್ಟೆ ಇಟ್ಕೊಳ್ಳೋ ಚೀಲ! ಅದರಲ್ಲೇನು ಮುತ್ತು ರತ್ನ ಇತ್ತಾ ಅಂತ ಆಂಬುಲೆನ್ಸಿನವರು ನಗಾಡಿದ್ರು.

ನಿದ್ದೆ ಇಲ್ಲ ನನಗೆ. ಮನೆಯಲ್ಲಿ ಅಡುಗೆ ಮನೆಯ ನೆಲಾನೂ ಕುಟ್ಟಿ ನೋಡಿದೆ. ಹೆಂಡ್ತಿ ಹುಚ್ಚು ಹಿಡೀತಾ ಅಂದ್ಲು. ಕಣ್ಣು ಮುಚ್ಚಿದ್ರೆ ಅದೇ ಸದ್ದು. ನಾನು ಏಳನೇ ಮಹಡಿಯಲ್ಲಿದ್ದೆ, ನೀನು ಆರನೇದರಲ್ಲಿ. ನನಗೆ ಕೇಳಿಸ್ತು ಅಂದ್ರೆ ನಂಬ್ತೀಯಾ? ಬಕೆಟ್ ಉರುಳಿದ್ದು, ಆಮೇಲೆ ನಿನ್ನ ಒಂದು ಕೂಗು. ಅದು ನಿನ್ನ ದನಿ ಅಂತ ಗೊತ್ತಾಗೋ ಮುಂಚೆ ನನಗೆ ಅದು ಯಾವ ಪ್ಯಾನೆಲ್ ಅಂತ ಗೊತ್ತಾಗಿತ್ತು...

ಅಯ್ಯೋ, ಏನೇನೋ ಮಾತಾಡ್ತಾ ಇದ್ದೀನಿ. ಸಹಿ ಮಾಡಮ್ಮ. ಎರಡೂವರೆ ಆಗ್ತಾ ಬಂತು.

ಏನು? ಕೈ ಏನು ತೋರಿಸ್ತೀಯ? ಕಣ್ಣು? ಕಣ್ಣು ನೋವಾ? ಓ, ಕನ್ನಡಕ. ಓದಿ ಸಹಿ ಮಾಡ್ತೀಯಾ? ನಾನು ಹೇಳಿದ್ನಲ್ಲ ಅದರಲ್ಲಿ ಏನಿದೆ ಅಂತ. ಸರಿ, ಸರಿ, ಓದು. ನಿನ್ನ ಹಟ ನಿನಗೆ. ಎಲ್ಲಿದೆ? ಇದರ ಕೆಳಗಾ, ಈ ಕಪಾಟಲ್ಲಾ? ಈ ಚೀಲದಲ್ಲಾ? ಅದೇ ಚೀಲ. ಇರು, ತೆಗೀತೀನಿ. ಏನು ಇಷ್ಟು ಭಾರ. ಏಪ್ರನ್ನು, ಬಾಚಣಿಗೆ, ಚಪ್ಪಲಿ ಒಂದೇ ಇದೆ, ಇನ್ನೊಂದು ಅಲ್ಲೇ ಉಳೀತಾ? ಕನ್ನಡಕ ಕಾಣಿಸ್ತಿಲ್ಲ. ಈ ಒರೆಸೋ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೀಯಾ? ಏನಿದು, ಗಟ್ಟಿಯಾಗಿ...

...

ಅಕ್ಕ.

ಇದು ನಿನ್ನ ಹತ್ತಿರ ಹೇಗೆ...

ನೀನು ಬಿದ್ದಾಗ. ಜನ ಬರೋ ಮುಂಚೆ. ಕಾಲು ಆ ಗುಂಡಿಯಲ್ಲಿ ಸಿಕ್ಕೊಂಡು, ಎರಡು ಕಡೆ ಮುರಿದು, ಆ ನೋವಲ್ಲಿ ನೀನು ಒಳಗೆ ಕೈ ಹಾಕಿ ಇದನ್ನ... ಮುಚ್ಚಿಟ್ಟು...

ತಳ ನೋಡ್ಬೇಕಾಗಿಲ್ಲ ನಾನು. ಎರಡು ಗೀರು. ನಿಂದಕ್ಕೆ ಒಂದು ಗೀರು, ನಂದಕ್ಕೆ ಎರಡು. ನೀನೇ ಮೊಳೆಯಲ್ಲಿ ಗೀಚಿದ್ದೆ. ಕೆಲಸಕ್ಕೆ ಸೇರಿದ ಮೊದಲನೇ ತಿಂಗಳು ಇಬ್ಬರಿಗೂ ಒಂದೇ ಥರದ ಸ್ಟೀಲ್ ಡಬ್ಬಿ ತಂದಿದ್ದೆ. ಹೇಗೆ ಚಪ್ಪಟೆ ಆಗಿದೆ ನೋಡು. ಒಂದು ಕಡೆ ಪೂರ್ತಿ ಒಳಗೆ ಹೋಗಿದೆ.

ಬಸ್ಸಲ್ಲಿ ಬಿಟ್ಟೆ ಅಂದಿದ್ದೆ ನಿನಗೆ. ತಿಂಗಳ ಹಿಂದೆ. ನೀನು ಒಂದು ಮಾತೂ ಬೈಲಿಲ್ಲ. ನಿನ್ನ ಡಬ್ಬಿ ನನಗೆ ಕೊಟ್ಟೆ, ನೀನು ಪ್ಲಾಸ್ಟಿಕ್ ಬಾಕ್ಸಲ್ಲಿ ತಿನ್ನೋಕೆ ಶುರು ಮಾಡಿದೆ. ಇವತ್ತು ಅದೇ ಡಬ್ಬಿಯಲ್ಲಿ ನಿನಗೆ ಊಟ ತಂದು ಇಟ್ಟು, ನಿನ್ನೆದುರಿಗೇ ನಿಂತು ಗುಬ್ಬಿ ಗುಬ್ಬಿ ಅಂತ...

ಕೂರ್ತೀನಿ. ಕುಂಟಿದ್ರೆ ಕುಂಟ್ಲಿ.

ಅರ್ಧ ಗಂಟೆ ಅಂದ್ಕೊಂಡೆ ಅಕ್ಕ. ಆಣೆ ಮಾಡಿ ಹೇಳ್ತೀನಿ, ಅರ್ಧ ಗಂಟೆ. ಅವತ್ತು ದೊಡ್ಡ ಸಾಹೇಬರ ಕೋಣೆ ತೆರೆಯೋ ದಿನ. ಎರಡು ಗಂಟೆಗೆ ಎಲ್ರೂ ಬರ್ತಾರೆ. ಒಂದೂವರೆಗೆ ನೋಡಿದ್ರೆ ಅವರ ಕುರ್ಚಿಯ ಕೆಳಗಿನ ಪ್ಯಾನೆಲ್ ಅಲ್ಲಾಡ್ತಾ ಇದೆ. ಒಂದು ಕಾಲಿನ ತಿರುಪು ಸವೆದು ಹೋಗಿದೆ, ಎಷ್ಟು ತಿರುಗಿಸಿದ್ರೂ ನಿಲ್ಲಲ್ಲ. ಸ್ಟೋರಿನವನು ಬೀಗ ಹಾಕಿ ಊಟಕ್ಕೆ ಹೋಗಿದ್ದಾನೆ. ಇಂಥ ಹೊತ್ತಲ್ಲಿ ನಮ್ಮವರೆಲ್ಲ ಮಾಡೋದು ಒಂದೇ ಕೆಲಸ, ಯಾರೂ ಓಡಾಡದ ಮೂಲೆಯಿಂದ ಒಂದು ಕಾಲು ಎತ್ಕೊಂಡು ಬಂದು ಇಲ್ಲಿ ಹಾಕೋದು, ಆಮೇಲೆ ಹೊಸದು ತಂದು ಅಲ್ಲಿ ಹಾಕೋದು. ಎಲ್ರೂ ಮಾಡ್ತಾರೆ. ಆದ್ರೆ ಕಾಲು ಎತ್ತಿದ ಕಡೆ ಪ್ಯಾನೆಲ್ ತುಂಡು ಜೋಡಿಸಿ ಆನಿಕೆ ಕೊಡ್ತಾರೆ. ಅವತ್ತು ತುಂಡುಗಳನ್ನೆಲ್ಲ ಗುಡಿಸಿ ಹಾಕಿದ್ರು, ಸಾಹೇಬರು ಬರ್ತಾರೆ ಅಂತ. ನನ್ನ ಕೈಯಲ್ಲಿ ಖಾಲಿ ಡಬ್ಬಿ ಇತ್ತು. ಇಟ್ಟು ನೋಡಿದೆ. ಮೇಲೊಂದು ರಟ್ಟು ಮಡಚಿ ಇಟ್ರೆ ಸರಿಯಾಗಿ ಅದೇ ಎತ್ತರ. ಒಂದು ಮಿಲಿಮೀಟರ್ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ನನ್ನ ಬೆನ್ನು ನಾನೇ ತಟ್ಕೊಂಡೆ. ಮೇಲೆ ಕುಂಡ ತಂದು ಇಟ್ಟೆ, ಯಾರೂ ತುಳೀಬಾರದು ಅಂತ.

ನಾನೇ ಇಟ್ಟೆ ಕುಂಡಾನ.

ಸಂಜೆ ಸರಿ ಮಾಡೋಣ ಅಂದ್ಕೊಂಡೆ. ಏಳನೇ ಮಹಡಿಗೆ ಕಳಿಸಿದ್ರು. ನಾಳೆ ಅಂದ್ಕೊಂಡೆ. ಮರೆತೆ ಅಂತ ಹೇಳಬಹುದು, ಆದ್ರೆ ಮರೆತಿರ್ಲಿಲ್ಲ, ದಿನಾ ನೆನಪಾಗ್ತಿತ್ತು. ಹೋಗಿ ಹಿಮ್ಮಡಿಯಲ್ಲಿ ಕುಟ್ಟಿ ನೋಡ್ತಿದ್ದೆ. ಗಟ್ಟಿಯಾಗಿದೆ, ಇರ್ಲಿ ಬಿಡು, ನಾಳೆ ನೋಡೋಣ. ಗುಬ್ಬಿಗೆ ಕೇಳಿಸಿದ ಆ ಟಣ್ ಇದೇ, ಕೇಬಲ್ ತಾಗಿ ಡಬ್ಬಿ ಸರಿದಿದ್ದು. ಅವನು ಹೇಳಿದ ಕೂಡ್ಲೇ ನನಗೆ ಗೊತ್ತಾಯ್ತು. ಆದ್ರೂ ಅವನ ಮುಖ ನೋಡ್ತಾ ನಿಂತಿದ್ದೆ. ಪಾಪ, ಅವನು ಅಳೋ ಹಾಗಿದ್ದ. ನಾನು ಅವನ ಬೆನ್ನು ತಟ್ಟಿದೆ.

ಬೆನ್ನು ತಟ್ಟಿದೆ ಅಕ್ಕ ನಾನು!

ಕೆಲಸ ಹೋಗತ್ತೆ ಅಂತ ಹೆದರಿದೆ, ನಿಜ. ಎಂಟನೇ ಮಹಡಿ ಹೋಗತ್ತೆ ಅಂತಲೂ. ಆದ್ರೆ ಅದಕ್ಕಿಂತ ಹೆಚ್ಚು ಹೆದರಿದ್ದು ನಿನಗೆ ಗೊತ್ತಾಗತ್ತೆ ಅಂತ. ಯಾರ ಕೈಯಿಂದ ನಿನ್ನ ಕಾಲು ಮುರೀತು ಅಂತ ನಿನಗೆ ಗೊತ್ತಾಗಬಾರದು, ಅಷ್ಟೇ ಸಾಕಿತ್ತು ನನಗೆ. ನಿನಗೆ ಬಿದ್ದ ಘಳಿಗೆಯಿಂದಲೇ ಗೊತ್ತಿತ್ತು.

ಏನಾದ್ರೂ ಹೇಳು ಈಗಲಾದ್ರೂ. ಬಾಯಿ ಬಿಟ್ಟು ಬೈ. ಹೋಗ್ಲಿ, ಮುಖ ತಿರುಗಿಸು, ಆ ಗೋಡೆ ಕಡೆ, ಸೂಪರ್‌ವೈಸರ್‌ಗೆ ಮಾಡಿದ ಹಾಗೆ. ಯಾಕೆ ನನ್ನ ತಲೆ ಸವರ್ತೀಯ?

ಏನು ಮಾಡ್ತಾ ಇದ್ದೀಯ? ಕಾಗದ ಯಾಕೆ ಎಳ್ಕೊಂಡೆ? ಪೆನ್ನು... ಅಕ್ಕ, ಏನು ಮಾಡ್ತಾ ಇದ್ದೀಯ ನೀನು?

ಬೇಡ.

ಬೇಡ ಅಂದೆನಲ್ಲ. ಸಹಿ ಮಾಡಬೇಡ. ಅಲ್ಲಿ ಕೈ ಇಡಬೇಡ. ಕೊಡು ಪೆನ್ನು. ಕೊಡು ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಇಷ್ಟು ಹೊತ್ತು ಸುಮ್ಮನಿದ್ದಿದ್ದು ನನ್ನ ಮೇಲೆ ಸಿಟ್ಟಿಗೆ ಅಂದ್ಕೊಂಡಿದ್ದೆ ನಾನು. ಡಬ್ಬಿ ತೋರಿಸಿದ್ದೂ ಸಿಟ್ಟಿಗೇ ಅಂದ್ಕೊಂಡೆ. ಇದು ನನ್ನ ಹತ್ತಿರ ಭದ್ರ ಇದೆ, ಯಾರಿಗೂ ಸಿಕ್ಕಿಲ್ಲ, ಹೆದರಬೇಡ ಅಂತ ತೋರಿಸಿದ್ದಾ? ಮತ್ತೆ ನೀನೇ ಸುಮ್ಮನೆ ನಿಲ್ತೀಯಾ, ನಾನು ಬಾಗಿಲ ಹಿಂದೆ ನಿಂತ್ಕೋಬೇಕಾ? ನಂಗೆ ನಲವತ್ತನಾಲ್ಕು ವರ್ಷ ಅಕ್ಕ.

ಕೊಡು. ಹಾಂ. ಈ ಕಾಗದ ಹೀಗೆ ಮಡಚಿ, ಹೀಗೆ... ಸ್ಟೂಲಿನ ಕಾಲಿನ ಕೆಳಗೆ. ನೋಡು, ನಿಂತ್ಕೊಳ್ತು. ಇದಕ್ಕೆ ಇಷ್ಟೇ ಉಪಯೋಗ.

ಎರಡೂ ಮೂವತ್ತೈದು. ಹೊರಡ್ತೀನಿ. ಗುಬ್ಬಿ ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಇವತ್ತೂ ಬಂದಿದ್ದಾನೆ, ನಿನಗೆ ಹೇಳ್ಲಿಲ್ಲ ನಾನು. ಅವನನ್ನ ನೋಡಿ, ತಲೆ ತಪ್ಪಿಸ್ಕೊಂಡು ಲಿಫ್ಟಲ್ಲಿ ಬಂದೆ. ಈಗ ಮೆಟ್ಟಿಲಲ್ಲೇ ಇಳಿದು ಹೋಗ್ತೀನಿ. ಅವನನ್ನೂ ಜೊತೆಗೆ ಕರ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ದಾರಿಯಲ್ಲಿ ಎಲ್ಲಾದ್ರೂ ನನ್ನ ಮನಸ್ಸು ಮತ್ತೆ ನಾಳೆ ಅನ್ನತ್ತೆ.

ಆ ಡಬ್ಬಿ ಯಾಕೆ ದಿಂಬಿನ ಕೆಳಗೆ ತಳ್ತೀಯ? ಕೊಡು ಇಲ್ಲಿ. ಮೇಜಿನ ಮೇಲಿರೋದು ನಿಂದು. ಇದು ನಂದು, ನಾನು ತಗೊಂಡು ಹೋಗ್ತೀನಿ. ನೀನು ಊಟ ಮಾಡು, ಆರಿ ಹೋಗತ್ತೆ.